ನೆಲದಡಿ ಬಿಸಿನೀರು ಹರಿಸೋಕೆ ಯಾವ ಪ್ಲಾಸ್ಟಿಕ್ ಪೈಪ್ ಒಳ್ಳೆಯದು?

ಹೊಸಮನೆ:
ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಕೆಲಸ ನೆಲದ ಹಂತಕ್ಕೆ ಬಂದಿದೆ. ಕೆಳಮಹಡಿ 90 ಚದರ ಮೀಟರ್. ನೆಲದಡಿ ಪೈಪ್ ಹಾಸಿ, ಅದರಲ್ಲಿ ಬಿಸಿನೀರು ಹರಿಸಿ ಮನೆ ಬೆಚ್ಚಗಿಡಬೇಕು ಅಂತಿದ್ದೇವೆ. ಮೊದಲು ಇನ್ಸುಲೇಶನ್ ಹಲಗೆ, ಮೇಲೆ ಪೈಪ್, ಪೈಪ್ ಮುಚ್ಚುವಂತೆ ಸ್ಕ್ರೀಡ್, ಅಂದರೆ ಗಾರೆಯ ಪದರ. ಮೇಲ್ಮಹಡಿಯಲ್ಲಿ ಮರದ ತೊಲೆಗಳ ಮೇಲೆ ಎರಡು ಕೋಣೆ ಇವೆ, ಅಲ್ಲಿಗೂ ಬೇಕು. ನೀರು ಕಾಯಿಸೋಕೆ ಹೀಟ್ ಪಂಪ್.

ಮೂವರು ಕೆಲಸದವರನ್ನು ಕೇಳಿದೆ. ಒಬ್ಬರು ಪೆಕ್ಸ್-ಎ (ಪೆಕ್ಸ್ ಅಂದರೆ ಸರಪಳಿ ಹೆಣೆದ ಪಾಲಿಎಥಿಲೀನ್ ಪ್ಲಾಸ್ಟಿಕ್, ಎ ಅದರ ಒಂದು ಬಗೆ) ಬಿಟ್ಟು ಬೇರೆ ಮುಟ್ಟಲೇಬೇಡಿ ಅಂದರು. ಇನ್ನೊಬ್ಬರು ಪಿಇ-ಆರ್‌ಟಿ (ಬಿಸಿ ತಡೆಯುವ ಇನ್ನೊಂದು ಬಗೆಯ ಪಾಲಿಎಥಿಲೀನ್) ಧಾರಾಳವಾಗಿ ಸಾಕು ಅಂದರು. ಮೂರನೆಯವರು ನಡುವೆ ಅಲ್ಯೂಮಿನಿಯಂ ಪದರ ಇರುವ ಪೈಪೇ ಬೇಕು ಅಂದರು. ಇದರ ಮೇಲೆ ನಮ್ಮ ಭಾವನ ಹತ್ತಿರ ಕುಡಿಯುವ ನೀರಿಗೆಂದು ತಂದು ಉಳಿದ ಪೆಕ್ಸ್ ಸುರುಳಿಗಳಿವೆ. ಹೊಚ್ಚ ಹೊಸವು. "ಅದೂ ಪೆಕ್ಸ್, ಇದೂ ಪೆಕ್ಸ್, ಸುಮ್ನೆ ಯಾಕೆ ಖರ್ಚು" ಅಂತಾರೆ ಅವರು.

ಒಮ್ಮೆ ಸ್ಕ್ರೀಡ್ ಬಿದ್ದರೆ ಮುಗೀತು, ಪೈಪ್ ಬದಲಿಸೋಕೆ ಆಗಲ್ಲ. ಅದಕ್ಕೇ ನಿದ್ದೆ ಬರುತ್ತಿಲ್ಲ. ಅನುಭವ ಇರುವವರು ದಯವಿಟ್ಟು ಹೇಳಿ.

ಪೈಪ್ ಕೆಲಸ:
ಭಾವನವರ ಸುರುಳಿಯ ಮೇಲೆ ಏನು ಅಚ್ಚಾಗಿದೆ ಅಂತ ಮೊದಲು ಓದಿ. ಪೈಪ್ ಉದ್ದಕ್ಕೂ ಮೀಟರಿಗೊಮ್ಮೆ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ. ಅಳತೆ, ಗೋಡೆಯ ದಪ್ಪ, ಮಾನದಂಡದ ಸಂಖ್ಯೆ, ತಯಾರಾದ ದಿನ. ಆಕ್ಸಿಜನ್ ತಡೆ ಇದೆ ಅಂತಲೋ, ಡಿಐಎನ್ 4726 (ಅದಕ್ಕಿರುವ ಜರ್ಮನಿಯ ಮಾನದಂಡ) ಅಂತಲೋ ಕಾಣಿಸಿದರೆ ಮುಂದಿನ ಮಾತು. ಕಾಣಿಸದಿದ್ದರೆ ಆ ಪೈಪ್ ನಲ್ಲಿಗೆ ಸರಿ, ನೆಲಕ್ಕೆ ಬೇಡ.

ಪೆಕ್ಸ್‌ನ ಎ, ಬಿ ಬಗೆಗಳು, ಅಲ್ಯೂಮಿನಿಯಂ, ಇದೆಲ್ಲ ಆಮೇಲೆ. ಮೊದಲ ಪ್ರಶ್ನೆ ಆಕ್ಸಿಜನ್ನಿನದು. ಬರೀ ಪೆಕ್ಸ್ ಗೋಡೆಯ ಮೂಲಕ ಗಾಳಿಯ ಆಕ್ಸಿಜನ್ ನಿಧಾನವಾಗಿ ಒಳಗಿನ ನೀರಿಗೆ ಇಳಿಯುತ್ತದೆ. ನೀರು ಬಿಸಿಯಾದಷ್ಟೂ ಜಾಸ್ತಿ. ಕುಡಿಯುವ ನೀರಿನ ಸಾಲಿಗೆ ಇದರಿಂದ ತೊಂದರೆ ಇಲ್ಲ, ಆ ನೀರಿನಲ್ಲಿ ಆಕ್ಸಿಜನ್ ಹೇಗೂ ಇರುತ್ತದೆ. ಆದರೆ ನೆಲದ ನೀರು ಹೊರಗೆ ಹೋಗುವುದೇ ಇಲ್ಲ, ಅದೇ ನೀರು ವರ್ಷಗಟ್ಟಲೆ ಸುತ್ತುತ್ತದೆ. ಪಂಪಿನ ಬೀಡುಕಬ್ಬಿಣ, ನೀರು ಹಿಗ್ಗಿದಾಗ ಜಾಗ ಕೊಡುವ ಎಕ್ಸ್‌ಪಾನ್ಶನ್ ಟ್ಯಾಂಕಿನ ಉಕ್ಕು, ಇವಕ್ಕೆಲ್ಲ ದಿನವೂ ಒಂದಿಷ್ಟು ಆಕ್ಸಿಜನ್ ಉಣಿಸಿದ ಹಾಗೆ. ತುಕ್ಕು ಹಿಡಿಯದೆ ಇನ್ನೇನು?

ಹಳೆ ಬಾಯ್ಲರ್:
ಪೈಪ್ ಕೆಲಸದವರು ಹೇಳಿದ್ದು ನೂರಕ್ಕೆ ನೂರು ನಿಜ. ನಾನು ಅನುಭವಿಸಿದ್ದೇನೆ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ನಾವು ಕೊಂಡ ಮನೆಯಲ್ಲಿ ನೆಲದ ಬಿಸಿ ಮೊದಲೇ ಇತ್ತು. ಹಿಂದಿನವರು ತಡೆ ಪದರ ಇಲ್ಲದ ಪೆಕ್ಸ್ ಹಾಕಿಸಿದ್ದರು. ಹಾಕಿದವರು ಯಾರೋ, ಅವರಿಗೆ ಗೊತ್ತಿತ್ತೋ ಇಲ್ಲವೋ. ಮೊದಲೆರಡು ಚಳಿಗಾಲ ಚೆನ್ನಾಗಿ ನಡೆಯಿತು. ಆಮೇಲೆ ಒಂದು ಕೋಣೆ ಬೆಚ್ಚಗಾಗುವುದು ನಿಂತಿತು. ಪಂಪ್ ಬಿಚ್ಚಿಸಿದರೆ ಒಳಗೆಲ್ಲ ಕಪ್ಪು ರಾಡಿ, ಮುಟ್ಟಿದರೆ ಕೈಗೆ ಮಸಿ ಅಂಟುತ್ತಿತ್ತು. ಆಯಸ್ಕಾಂತ ಹಿಡಿದರೆ ಕಚ್ಚಿಕೊಳ್ಳುತ್ತಿತ್ತು. ಅದು ಮ್ಯಾಗ್ನಟೈಟ್, ಅಂದರೆ ನಮ್ಮ ಬಾಯ್ಲರಿನದೇ ಕಬ್ಬಿಣ. ಹೊಸ ಪಂಪ್ ಹಾಕಿಸಿದೆವು. ಮೂರು ವರ್ಷಕ್ಕೆ ಅದೂ ಹಿಡಿದುಕೊಂಡಿತು. ಪೈಪ್‌ನಿಂದ ಒಂದು ತೊಟ್ಟು ನೀರು ಸೋರಿರಲಿಲ್ಲ. ಎಲ್ಲರೂ ಸೋರಿಕೆ ಹುಡುಕುತ್ತಿದ್ದರು, ತಪ್ಪು ಬೇರೆ ಕಡೆ ಇತ್ತು.

ನೆಲ ಅಗೆಯೋಕೆ ಆಗುತ್ತಿರಲಿಲ್ಲ. ಕೊನೆಗೆ ಒಬ್ಬ ಒಳ್ಳೆಯ ಮೇಸ್ತ್ರಿ ಸಿಕ್ಕರು. ನಡುವೆ ಸ್ಟೇನ್‌ಲೆಸ್ ಸ್ಟೀಲಿನ ಪ್ಲೇಟ್ ಹೀಟ್ ಎಕ್ಸ್‌ಚೇಂಜರ್ ಕೂರಿಸಿದರು. ಬಾಯ್ಲರಿನ ನೀರು ಒಂದು ಕಡೆ, ನೆಲದ ನೀರು ಇನ್ನೊಂದು ಕಡೆ, ಎರಡೂ ಸೇರುವುದಿಲ್ಲ. ನೆಲದ ಕಡೆಗೆ ಕಂಚಿನ ಪಂಪ್, ಆ ಕಡೆ ಕಬ್ಬಿಣದ ಸಾಮಾನು ಒಂದೂ ಇಲ್ಲ. ಆಮೇಲೆ ತೊಂದರೆ ಆಗಿಲ್ಲ. ಆದರೆ ಎಕ್ಸ್‌ಚೇಂಜರಿನಲ್ಲಿ ಕೆಲವು ಡಿಗ್ರಿ ಬಿಸಿ ಕಳೆದುಹೋಗುತ್ತದೆ. ಬಾಯ್ಲರಿಗೆ ಅದು ನಡೆಯುತ್ತದೆ. ನಿಮ್ಮ ಹೀಟ್ ಪಂಪಿಗೆ ಆ ಕೆಲವು ಡಿಗ್ರಿಯೇ ದುಬಾರಿ, ನೀರು ಹೆಚ್ಚು ಕಾಯಿಸಿದಷ್ಟೂ ಅದಕ್ಕೆ ಕರೆಂಟ್ ಜಾಸ್ತಿ ಬೇಕು. ಹೊಸ ನೆಲಕ್ಕೆ ಈ ಪಾಡು ಬೇಡ. ಭಾವನವರಿಗೆ ಬೇಜಾರಾದರೂ ಪರವಾಗಿಲ್ಲ, ನಯವಾಗಿ ಬೇಡ ಅನ್ನಿ.

ಹೊಸಮನೆ:
ಅಕ್ಕಾ, ಇಷ್ಟು ವಿವರವಾಗಿ ಬರೆದಿದ್ದಕ್ಕೆ ತುಂಬಾ ಥ್ಯಾಂಕ್ಸ್. ಇಂದು ಬೆಳಿಗ್ಗೆ ಹೋಗಿ ಸುರುಳಿ ನೋಡಿ ಬಂದೆ. ಕುಡಿಯುವ ನೀರಿನ ಗುರುತು ಇದೆ, ಆಕ್ಸಿಜನ್ ಮಾತೇ ಇಲ್ಲ. ಆದರೆ ಒಂದು ಅರ್ಥವಾಗಲಿಲ್ಲ. ಪೈಪ್ ಒಳಗೆ ನೀರು ಒತ್ತಡದಲ್ಲಿದೆ. ಹೊರಗೆ ಬರೀ ಗಾಳಿ. ಒಳಗಿನ ನೀರೇ ಹೊರಗೆ ಬರಲ್ಲ ಅಂದಮೇಲೆ ಹೊರಗಿನ ಗಾಳಿ ಒಳಗೆ ಹೋಗುವುದು ಹೇಗೆ?

ಲೆಕ್ಕದ ಪಟ್ಟಿ:
ಒಳ್ಳೆಯ ಪ್ರಶ್ನೆ. ಅನಿಲ ನುಗ್ಗುವುದು ಒಟ್ಟು ಒತ್ತಡ ನೋಡಿ ಅಲ್ಲ, ಅದೇ ಅನಿಲ ಎಲ್ಲಿ ಕಡಿಮೆ ಇದೆ ಅಂತ ನೋಡಿ. ಹೊರಗಿನ ಗಾಳಿಯಲ್ಲಿ ನೂರಕ್ಕೆ ಸುಮಾರು 21 ಪಾಲು ಆಕ್ಸಿಜನ್. ಒಳಗಿನ ನೀರಿನಲ್ಲಿದ್ದ ಆಕ್ಸಿಜನ್ ತುಕ್ಕಿನಲ್ಲಿ ಖರ್ಚಾಗಿ ಹೆಚ್ಚು ಕಡಿಮೆ ಸೊನ್ನೆಗೆ ಬಂದಿರುತ್ತದೆ. ಹಾಗಾಗಿ ಅದು ಪ್ಲಾಸ್ಟಿಕ್ಕಿನ ಅಣುಗಳ ಸಂದಿಯಲ್ಲಿ ತೂರಿಕೊಂಡು ಒಳಗೆ ಬರುತ್ತದೆ. ನೀರಿನ ಒತ್ತಡ ಅದನ್ನು ತಡೆಯುವುದಿಲ್ಲ. ಸ್ಕ್ರೀಡ್ ಕೂಡ ತಡೆಯುವುದಿಲ್ಲ, ಅದರಲ್ಲೂ ಸಣ್ಣ ರಂಧ್ರಗಳಿವೆ.

ತಡೆಯೋಕೆ ಇವಿಒಎಚ್ ಅಂತ ಒಂದು ತೆಳು ಪದರ ಸೇರಿಸುತ್ತಾರೆ. ಡಿಐಎನ್ 4726 ಹೇಳುವ ಮಿತಿ ಏನೆಂದರೆ, 40 ಡಿಗ್ರಿಯಲ್ಲಿ ಪೈಪಿನ ಪ್ರತಿ ಚದರ ಮೀಟರ್ ಮೈಯಿಂದ ದಿನಕ್ಕೆ 0.32 ಮಿಲಿಗ್ರಾಂಗಿಂತ ಜಾಸ್ತಿ ಆಕ್ಸಿಜನ್ ಇಳಿಯಬಾರದು. ಹಳೆ ಕಾಗದಗಳಲ್ಲಿ ಇದೇ ಮಿತಿಯನ್ನು ನೀರಿನ ಲೆಕ್ಕದಲ್ಲಿ, ಘನ ಮೀಟರಿಗೆ ದಿನಕ್ಕೆ 0.1 ಗ್ರಾಂ ಅಂತ ಬರೆದಿರುತ್ತಾರೆ.

ಇವಿಒಎಚ್ ಪದರ ಕೆಲವು ಪೈಪಿನಲ್ಲಿ ಹೊರಮೈಗೇ ಇರುತ್ತದೆ, ಅದು ಮೂರು ಪದರದ ಪೈಪ್. ಐದು ಪದರದ್ದರಲ್ಲಿ ಆ ತಡೆ ಗೋಡೆಯ ನಡುವೆ ಇರುತ್ತದೆ. ಈ ವಸ್ತು ತೇವ ಹೀರಿದರೆ ತಡೆಯುವ ಶಕ್ತಿ ಕುಗ್ಗುತ್ತದೆ, ಎಳೆದಾಡಿದರೆ ಗೀರು ಬೀಳುತ್ತದೆ. ನಡುವೆ ಇದ್ದರೆ ಎರಡರಿಂದಲೂ ಕಾಪಾಡಿದ ಹಾಗೆ. ಆಯ್ಕೆ ಇದ್ದರೆ ನಾನು ಐದು ಪದರದ್ದನ್ನೇ ತರುತ್ತೇನೆ.

ಪೈಪ್ ಕೆಲಸ:
ಸರಿ, ಈಗ ಎ, ಬಿ, ಸಿ. ಇದು ಪರೀಕ್ಷೆಯ ದರ್ಜೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಅಲ್ಲ. ಪಾಲಿಎಥಿಲೀನ್ ಸರಪಳಿಗಳನ್ನು ಒಂದಕ್ಕೊಂದು ಹೆಣೆಯುವ ವಿಧಾನದ ಹೆಸರು ಅಷ್ಟೇ. ಎ ಅಂದರೆ ಪೆರಾಕ್ಸೈಡ್ ವಿಧಾನ, ಅದು 1960ರ ದಶಕದ ಕೊನೆಯಲ್ಲಿ ಥಾಮಸ್ ಎಂಗೆಲ್ ಮಾಡಿದ್ದು. ಬಿ ಅಂದರೆ ಸಿಲೇನ್ ಸೇರಿಸಿ, ಪೈಪ್ ತಯಾರಾದ ಮೇಲೆ ತೇವ ಮತ್ತು ಬಿಸಿಯಿಂದ ಹೆಣೆಯುವುದು. ಸಿ ಅಂದರೆ ಎಲೆಕ್ಟ್ರಾನ್ ಕಿರಣ ಹಾಯಿಸುವುದು. ಹೆಣಿಗೆ ಎಷ್ಟು ಆಗಿರಬೇಕು ಅಂತಲೂ ಮಿತಿ ಇದೆ. ಎ ಗೆ ಕನಿಷ್ಠ 70 ಪ್ರತಿಶತ, ಬಿ ಗೆ 65, ಸಿ ಗೆ 60. ಈ ಅಂಕಿ ತೋರಿಸಿ ಎ ಜಾಸ್ತಿ ಬಾಳುತ್ತದೆ ಅಂತ ಮಾರುವವರಿದ್ದಾರೆ. ಮೂರೂ ಅದೇ ಒತ್ತಡದ ಪರೀಕ್ಷೆ ಪಾಸಾಗಲೇಬೇಕು.

ವ್ಯತ್ಯಾಸ ಗೊತ್ತಾಗುವುದು ಕೈಗೆ. ಎ ಮೆತ್ತಗೆ ಬಾಗುತ್ತದೆ, ಸುರುಳಿ ಬಿಚ್ಚಿದರೆ ಹೇಳಿದ ಹಾಗೆ ಮಲಗುತ್ತದೆ. ಬಿ ಬಿರುಸು. ಬಿಚ್ಚಿದ ಮೇಲೂ ಮತ್ತೆ ಸುತ್ತಿಕೊಳ್ಳೋಕೆ ನೋಡುತ್ತದೆ, ಇಬ್ಬರು ಹಿಡಿಯಬೇಕು. ಎ ಎಲ್ಲಾದರೂ ಮಡಚಿಕೊಂಡರೆ ಹೀಟ್ ಗನ್‌ನಿಂದ ಹದವಾಗಿ ಕಾಯಿಸಿದಾಗ ಮೊದಲಿನ ಆಕಾರಕ್ಕೆ ಬರುತ್ತದೆ. ಬೆಂಕಿ ಜ್ವಾಲೆ ಮಾತ್ರ ಹಿಡಿಯಬೇಡಿ. ಬಿ ಮಡಚಿದರೆ ಆ ತುಂಡು ಕತ್ತರಿಸಿ ಬಿಸಾಡುವುದೇ. ನೆಲದಲ್ಲಿ ಜಾಯಿಂಟ್ ಇರಬಾರದು, ಅಂದರೆ ಇಡೀ ಲೂಪ್ (ಹೋಗಿ ವಾಪಸ್ ಬರುವ ಒಂದು ಸುತ್ತಿನ ಪೈಪ್) ಹೋಯಿತು. ಇದೊಂದೇ ಕಾರಣಕ್ಕೆ ನಾನು ಎ ಕಡೆ.

ಲೆಕ್ಕದ ಪಟ್ಟಿ:
ನಾನು ಪಿಇ-ಆರ್‌ಟಿ ಪರ ಒಂದು ಮಾತು ಹೇಳಲೇಬೇಕು. ಅದನ್ನು ಅಗ್ಗದ ಮಾಲು ಅಂತ ಕೆಲವರು ಮೂಗು ಮುರಿಯುತ್ತಾರೆ. ತಪ್ಪು. ಹೆಣಿಗೆ ಇಲ್ಲದೆಯೇ ಬಿಸಿ ತಡೆಯುವ ಹಾಗೆ ಮಾಡಿದ ಪಾಲಿಎಥಿಲೀನ್ ಅದು. ಅದಕ್ಕೂ ತನ್ನದೇ ಮಾನದಂಡ ಇದೆ, ಐಎಸ್‌ಒ 22391. ಒಂದನೇ ಟೈಪ್, ಎರಡನೇ ಟೈಪ್ ಅಂತ ಎರಡಿವೆ. ಜಾಸ್ತಿ ಬಿಸಿಗೆ ಎರಡನೆಯದು ಗಟ್ಟಿ.

ಐಎಸ್‌ಒ 10508 ಪ್ರಕಾರ ಬಿಸಿನೀರಿನ ಪೈಪ್‌ಗಳನ್ನು ಬಳಕೆಯ ವರ್ಗಗಳಾಗಿ ವಿಂಗಡಿಸಿದ್ದಾರೆ. ನೆಲದ ಬಿಸಿಗೆ 4ನೇ ವರ್ಗ. ಅದರ ಲೆಕ್ಕ 50 ವರ್ಷದ್ದು: 20 ಡಿಗ್ರಿಯಲ್ಲಿ ಎರಡೂವರೆ ವರ್ಷ, 40 ಡಿಗ್ರಿಯಲ್ಲಿ 20 ವರ್ಷ, 60 ಡಿಗ್ರಿಯಲ್ಲಿ 25 ವರ್ಷ, 70 ಡಿಗ್ರಿಯಲ್ಲಿ ಎರಡೂವರೆ ವರ್ಷ. ಮೇಲೆ ಕಂಟ್ರೋಲ್ ಕೆಟ್ಟು 100 ಡಿಗ್ರಿ ಹೋದರೆ ಅಂತ ಇನ್ನೊಂದು 100 ಗಂಟೆ. ನಿಮ್ಮ ಹೀಟ್ ಪಂಪ್ ನೆಲಕ್ಕೆ ಕೊಡುವುದು 35 ಡಿಗ್ರಿ, ತೀರಾ ಚಳಿಗೆ 40. ಈ ಲೆಕ್ಕದ ಮುಂದೆ ಅದು ಏನೂ ಅಲ್ಲ. ಪೈಪಿನ ಮೇಲೆ 4ನೇ ವರ್ಗ, ಇಷ್ಟು ಬಾರ್ ಒತ್ತಡ ಅಂತ ಅಚ್ಚಿದ್ದರೆ ಪಿಇ-ಆರ್‌ಟಿ ಆದರೂ, ಪೆಕ್ಸ್ ಆದರೂ ನಾನು ನಿಶ್ಚಿಂತೆಯಿಂದ ಹಾಕಿಸುತ್ತೇನೆ.

ಪೈಪ್ ಕೆಲಸ:
ಒಪ್ಪಿದೆ. ಕಡಿಮೆ ಬಿಸಿಗೆ ಪಿಇ-ಆರ್‌ಟಿ ಸಾಕು. ಬಾಗಿಸೋಕೂ ಸುಲಭ, ನಾನೇ ಹಾಕಿದ್ದೇನೆ. ಮಡಚಿದರೆ ಮಾತ್ರ ಅದು ಪೆಕ್ಸ್-ಎ ತರ ವಾಪಸ್ ಬರಲ್ಲ. ಕೈ ಪಳಗಿದವರು ಹಾಸುತ್ತಿದ್ದರೆ ಅದೂ ದೊಡ್ಡ ವಿಷಯ ಅಲ್ಲ.

ಮರದ ನೆಲ:
ಶಾಖ ಚೆನ್ನಾಗಿ ದಾಟಿಸುವುದು ಯಾವ ಪೈಪ್? ಅಲ್ಯೂಮಿನಿಯಂ ಇದ್ದರೆ ಬೇಗ ಬಿಸಿಯಾಗುತ್ತದೆ ಅಂತ ನಮ್ಮ ಕಡೆಯವರು ಹೇಳಿದ್ದರು. ನಮ್ಮದು ಮರದ ಹಲಗೆಯ ನೆಲ.

ಲೆಕ್ಕದ ಪಟ್ಟಿ:
ಲೆಕ್ಕ ಹಾಕಿಯೇ ನೋಡೋಣ. 16 ಮಿ.ಮೀ. ಪೈಪ್, 2 ಮಿ.ಮೀ. ಗೋಡೆ. ಪೈಪ್‌ಗಳ ನಡುವೆ 150 ಮಿ.ಮೀ. ಅಂತರ. ಚದರ ಮೀಟರಿಗೆ 60 ವ್ಯಾಟ್ ಬೇಕು ಅಂದರೆ ಪೈಪಿನ ಮೀಟರಿಗೆ 9 ವ್ಯಾಟ್. ಪೆಕ್ಸ್ ಗೋಡೆ ದಾಟುವಾಗ ಬಿಸಿ ಇಳಿಯುವುದು ಒಂದು ಡಿಗ್ರಿ ಅಷ್ಟೇ. ಅಲ್ಯೂಮಿನಿಯಂ ಪೈಪಿನಲ್ಲೂ ಹೆಚ್ಚು ಕಡಿಮೆ ಅಷ್ಟೇ, ಡಿಗ್ರಿಯ ಹತ್ತನೇ ಒಂದು ಪಾಲು ವ್ಯತ್ಯಾಸ. ಲೋಹದ ಎರಡೂ ಬದಿ ಪ್ಲಾಸ್ಟಿಕ್ಕೇ ತಾನೆ ಇರುವುದು.

ಈಗ ಮೇಲಿನ ಹಾಸು ನೋಡಿ. 10 ಮಿ.ಮೀ. ಟೈಲ್ಸ್ ದಾಟೋಕೆ ಅರ್ಧದಿಂದ ಮುಕ್ಕಾಲು ಡಿಗ್ರಿ. 14 ಮಿ.ಮೀ. ಮರದ ಹಲಗೆ ದಾಟೋಕೆ ಸುಮಾರು 6 ಡಿಗ್ರಿ! ಪೈಪ್ ಬದಲಿಸಿ ಉಳಿಸುವುದಕ್ಕಿಂತ ಹಾಸು ಬದಲಿಸಿ, ಇಲ್ಲವೇ ಪೈಪ್ ಹತ್ತಿರ ಹತ್ತಿರ ಹಾಕಿ ಉಳಿಸುವುದೇ ಜಾಸ್ತಿ. ಹೀಟ್ ಪಂಪ್ ಇರುವವರು 150ರ ಬದಲು 100 ಮಿ.ಮೀ. ಅಂತರ ಹಾಕಿದರೆ ಇನ್ನೂ ತಣ್ಣನೆಯ ನೀರಿನಲ್ಲೇ ಕೆಲಸ ಆಗುತ್ತದೆ.

ಹೊಸಮನೆ:
ಹಾಗಾದರೆ ಅಲ್ಯೂಮಿನಿಯಂ ಪೈಪ್ ಬೇಡವೇ ಬೇಡವಾ?

ಪೈಪ್ ಕೆಲಸ:
ಬೇಡ ಅಂತಲ್ಲ. ಅದರ ಗುಣ ಬೇರೆ. ಆಕ್ಸಿಜನ್ ಪೂರ್ತಿ ಬಂದ್. ಬಾಗಿಸಿದರೆ ಬಾಗಿದ ಹಾಗೇ ನಿಲ್ಲುತ್ತದೆ, ಕ್ಲಿಪ್ ಕಡಿಮೆ ಸಾಕು. ಬಿಸಿಗೆ ಹಿಗ್ಗುವುದು ತೀರಾ ಕಡಿಮೆ. ಮೇಲ್ಮಹಡಿಯ ಕೋಣೆಗಳಿಗೆ ನಾನು ಅದನ್ನೇ ಹೇಳುತ್ತಿದ್ದೆ.

ಯಾಕೆ ಅಂದರೆ, ಸ್ಕ್ರೀಡ್ ಒಳಗೆ ಪೆಕ್ಸ್ ಹಿಗ್ಗೋಕೆ ಜಾಗವೇ ಇಲ್ಲ. ಕಾಂಕ್ರೀಟ್ ಬಿಗಿಯಾಗಿ ಹಿಡಿದಿರುತ್ತದೆ. ಪ್ಲಾಸ್ಟಿಕ್ ಮೆತ್ತಗಿರುವುದರಿಂದ ಆ ಒತ್ತಡ ತಾನೇ ನುಂಗಿಕೊಳ್ಳುತ್ತದೆ, ಏನೂ ಆಗಲ್ಲ. ಆದರೆ ತೊಲೆಗಳ ನಡುವೆ, ಲೋಹದ ತಗಡಿನ ತೋಡಿನಲ್ಲಿ ಕೂರಿಸಿದ ಪೈಪ್ ಹಿಗ್ಗುತ್ತದೆ, ಕುಗ್ಗುತ್ತದೆ. 5 ಮೀಟರ್ ಪೆಕ್ಸ್ 20 ಡಿಗ್ರಿ ಬಿಸಿಯಾದರೆ 15ರಿಂದ 20 ಮಿ.ಮೀ. ಉದ್ದವಾಗುತ್ತದೆ. ತಗಡಿಗೆ ಉಜ್ಜಿ ಟಿಕ್ ಟಿಕ್ ಅಂತ ಸದ್ದು. ರಾತ್ರಿ ಮಲಗುವ ಕೋಣೆಯಲ್ಲಿ ಅದು ಕೇಳಿಸಿದರೆ ತಲೆ ಕೆಡುತ್ತದೆ. ಅಷ್ಟೇ ಉದ್ದದ ಅಲ್ಯೂಮಿನಿಯಂ ಪೈಪ್ ಹಿಗ್ಗುವುದು ಎರಡೂವರೆ ಮಿ.ಮೀ. ಮಾತ್ರ.

ಅದರ ಕಷ್ಟ ಅಂದರೆ ಬಾಗಿಸುವಾಗ. ಒಂದೇ ಜಾಗದಲ್ಲಿ ಎರಡು ಮೂರು ಸಲ ಬಾಗಿಸಿ ನೆಟ್ಟಗೆ ಮಾಡಿದರೆ ಅಲ್ಯೂಮಿನಿಯಂ ಬಿರುಕು ಬಿಡಬಹುದು. ಒಳಗೆ ಸ್ಪ್ರಿಂಗ್ ಹಾಕಿ, ಒಂದೇ ಸಲಕ್ಕೆ ನಿಧಾನವಾಗಿ ಬಾಗಿಸಬೇಕು.

ಮರದ ನೆಲ:
ನಮ್ಮ ಮನೆಯಲ್ಲಿ ಆ ಟಿಕ್ ಟಿಕ್ ಇದೆ! ಇವತ್ತು ಕಾರಣ ಗೊತ್ತಾಯಿತು. ಈಗ ಏನಾದರೂ ಮಾಡಬಹುದಾ?

ಪೈಪ್ ಕೆಲಸ:
ನೀರಿನ ಬಿಸಿ ಒಮ್ಮೆಲೇ ಏರದಂತೆ ನೋಡಿಕೊಳ್ಳಿ. ಪಂಪ್ ನಿಲ್ಲಿಸಿ ಶುರು ಮಾಡುವ ಬದಲು ಸದಾ ಓಡಲಿ, ನೀರಿನ ಬಿಸಿ ಮಾತ್ರ ಹೊರಗಿನ ಚಳಿಗೆ ತಕ್ಕಂತೆ ಸ್ವಲ್ಪ ಸ್ವಲ್ಪವೇ ಏರಿ ಇಳಿಯಲಿ. ಸದ್ದು ತುಂಬಾ ತಗ್ಗುತ್ತದೆ.

ಮೊದಲ ಚಳಿಗಾಲ:
ನಡುವೆ ಬಂದು ಕೇಳುತ್ತಿದ್ದೇನೆ, ಕ್ಷಮಿಸಿ. ಪೈಪ್ ಎಷ್ಟು ದಪ್ಪ, ಒಂದು ಲೂಪ್ ಎಷ್ಟು ಉದ್ದ ಇರಬೇಕು? ಒಂದೇ ಉದ್ದ ಪೈಪ್ ಇಡೀ ಮನೆಗೆ ಸುತ್ತಿದರೆ ಮ್ಯಾನಿಫೋಲ್ಡ್ (ಲೂಪ್‌ಗಳಿಗೆ ನೀರು ಹಂಚುವ ಕೊಳವೆ) ಖರ್ಚು ಉಳಿಯುತ್ತದೆ ಅಲ್ವಾ?

ಲೆಕ್ಕದ ಪಟ್ಟಿ:
ದಯವಿಟ್ಟು ಹಾಗೆ ಮಾಡಬೇಡಿ. ಪೈಪ್ ಉದ್ದವಾದಷ್ಟೂ ಪಂಪಿಗೆ ಭಾರ, ಕೊನೆಯ ಕೋಣೆಗೆ ತಣ್ಣೀರು.

ಹೊಸಮನೆಯವರ 90 ಚದರ ಮೀಟರನ್ನೇ ತೆಗೆದುಕೊಳ್ಳಿ. 150 ಮಿ.ಮೀ. ಅಂತರ ಅಂದರೆ ಚದರ ಮೀಟರಿಗೆ 6.7 ಮೀಟರ್ ಪೈಪ್, ಒಟ್ಟು 600 ಮೀಟರ್. ಅದನ್ನು 8 ಲೂಪ್ ಮಾಡಿದರೆ ತಲಾ 75 ಮೀಟರ್. ಮ್ಯಾನಿಫೋಲ್ಡಿನಿಂದ ಕೋಣೆಗೆ ಹೋಗಿ ಬರುವ ಉದ್ದವೂ ಸೇರಿ 85 ಅಂದುಕೊಳ್ಳಿ. 16 ಮಿ.ಮೀ. ಪೈಪಿಗೆ 100 ಮೀಟರ್ ಒಳಗೆ ಇಟ್ಟುಕೊಳ್ಳುವುದು ಒಳ್ಳೆಯ ರೂಢಿ.

12 ಚದರ ಮೀಟರ್ ಕೋಣೆಗೆ 720 ವ್ಯಾಟ್ ಬೇಕು ಅನ್ನೋಣ. ನೀರು ಹೋಗುವಾಗ, ಬರುವಾಗ 5 ಡಿಗ್ರಿ ವ್ಯತ್ಯಾಸ ಅಂದರೆ ನಿಮಿಷಕ್ಕೆ 2 ಲೀಟರ್ ಹರಿಯಬೇಕು. 12 ಮಿ.ಮೀ. ಒಳವ್ಯಾಸದಲ್ಲಿ 85 ಮೀಟರ್ ಹರಿಸೋಕೆ ಸುಮಾರು 1.2 ಮೀಟರ್ ಎತ್ತರದ ನೀರಿನಷ್ಟು ಒತ್ತಡ. ಸಣ್ಣ ಪಂಪ್ ಸಾಕು. ಅದೇ ಒಳವ್ಯಾಸ 10 ಮಿ.ಮೀ. ಆಗಿದ್ದರೆ ಒತ್ತಡ ಹತ್ತಿರ ಹತ್ತಿರ ಎರಡೂವರೆ ಪಟ್ಟು. ಎರಡೇ ಮಿಲಿಮೀಟರ್, ಆದರೆ ಪರಿಣಾಮ ನೋಡಿ. ಹಾಗಾಗಿ ಪೈಪ್ ಕೊಳ್ಳುವಾಗ ಹೊರವ್ಯಾಸ ಮಾತ್ರ ಕೇಳಬೇಡಿ, ಒಳವ್ಯಾಸ ಕೇಳಿ.

ಲೂಪ್‌ಗಳು ಹತ್ತಿರ ಹತ್ತಿರ ಒಂದೇ ಉದ್ದ ಇದ್ದರೆ ಆಮೇಲೆ ಹರಿವು ಸರಿಹೊಂದಿಸುವುದೂ ಸುಲಭ.

ಹಳೆ ಬಾಯ್ಲರ್:
ಫಿಟ್ಟಿಂಗ್ ಬಗ್ಗೆ ಯಾರೂ ಹೇಳಲಿಲ್ಲ. ಪೈಪ್ ಒಂದು ಕಂಪನಿ, ಫಿಟ್ಟಿಂಗ್ ಇನ್ನೊಂದು, ಮ್ಯಾನಿಫೋಲ್ಡ್ ಮತ್ತೊಂದು ಅಂತ ಆದರೆ ಅಲ್ಲೇ ತೊಟ್ಟಿಕ್ಕುವುದು.

ಪೈಪ್ ಕೆಲಸ:
ಹೌದು ಅಕ್ಕ, ನೆನಪಿಸಿದ್ದು ಒಳ್ಳೆಯದಾಯಿತು. 16 ಮಿ.ಮೀ. ಪೈಪೇ ಬೇರೆ, ಅಮೆರಿಕದ ಅರ್ಧ ಇಂಚಿನ ಪೈಪೇ ಬೇರೆ. ಅದರ ಹೊರವ್ಯಾಸ 15.9 ಮಿ.ಮೀ. ಕಣ್ಣಿಗೆ ಒಂದೇ ತರ ಕಾಣುತ್ತವೆ, ಗೋಡೆಯ ದಪ್ಪ ಬೇರೆ. ಒಂದರ ಫಿಟ್ಟಿಂಗ್ ಇನ್ನೊಂದಕ್ಕೆ ಕೂರುವ ಹಾಗೆ ಕಂಡರೂ ಕೂರಲ್ಲ. ಹಿಗ್ಗಿಸಿ ಕೂರಿಸುವ ಫಿಟ್ಟಿಂಗ್ ಇದೆಯಲ್ಲ, ಅದು ಪೆಕ್ಸ್-ಎ ಗುಣ ನಂಬಿಕೊಂಡು ಮಾಡಿದ್ದು. ಪಿಇ-ಆರ್‌ಟಿಗೆ ಅದನ್ನು ಹಾಕಬೇಡಿ. ಪೈಪ್ ತಯಾರಿಸಿದವರು ಯಾವ ಫಿಟ್ಟಿಂಗ್ ಹೇಳುತ್ತಾರೋ ಅದೇ.

ಬಾಗುವ ಮಾತೂ ಹೇಳಿಬಿಡುತ್ತೇನೆ. ಮೆತ್ತನೆಯ ಪೈಪಿನ ತಿರುವಿನ ತ್ರಿಜ್ಯವೂ ಹೊರವ್ಯಾಸದ ಐದು ಪಟ್ಟಿಗಿಂತ ಕಡಿಮೆ ಆಗಬಾರದು, 16ಕ್ಕೆ 80 ಮಿ.ಮೀ. 150 ಅಂತರದಲ್ಲಿ ಹಾವಿನ ತರ ತಿರುಗಿಸಿದರೆ ತ್ರಿಜ್ಯ 75 ಆಗುತ್ತದೆ. ಅದಕ್ಕೇ ತಿರುವನ್ನು ಬಲ್ಬಿನ ಆಕಾರದಲ್ಲಿ ಸ್ವಲ್ಪ ಉಬ್ಬಿಸುತ್ತೇವೆ. ಬಸವನಹುಳದ ತರ ಸುತ್ತುತ್ತಾ ಒಳಗೆ ಹೋಗಿ ವಾಪಸ್ ಬಂದರೆ ಈ ಕಷ್ಟ ನಡುಮಧ್ಯೆ ಮಾತ್ರ. ಬಿಸಿ ಸಾಲಿನ ಪಕ್ಕದಲ್ಲೇ ತಣ್ಣನೆ ಸಾಲು ಬರುವುದರಿಂದ ನೆಲವೂ ಒಂದೇ ಸಮ ಬೆಚ್ಚಗಿರುತ್ತದೆ. ಗಟ್ಟಿ ಪೈಪ್ ಇದ್ದರಂತೂ ಅದೇ ವಾಸಿ.

ಇನ್ನೊಂದು. ಸುರುಳಿಗಳನ್ನು ಬಿಸಿಲಿಗೆ ಇಡಬೇಡಿ. ಈ ಪ್ಲಾಸ್ಟಿಕ್ ಬಿಸಿಲಿಗೆ ಒಳಗೊಳಗೇ ಹಾಳಾಗುತ್ತದೆ. ಹಾಕುವ ದಿನದವರೆಗೂ ಪೆಟ್ಟಿಗೆಯಲ್ಲೇ ಇರಲಿ.

ಮೊದಲ ಚಳಿಗಾಲ:
ಪಾಲಿಬ್ಯುಟಿಲೀನ್ ಪೈಪ್ ಕೂಡ ಸಿಗುತ್ತದೆ ಅಂತ ಕೇಳಿದೆ. ಅದು ಕೆಟ್ಟ ಹೆಸರು ತಂದುಕೊಂಡದ್ದಲ್ವಾ?

ಲೆಕ್ಕದ ಪಟ್ಟಿ:
ಅಮೆರಿಕದಲ್ಲಿ ಹೌದು. ಕುಡಿಯುವ ನೀರಿನ ಸಾಲುಗಳು ಸೋರಿ, 1995ರಲ್ಲಿ ದೊಡ್ಡ ಪರಿಹಾರದ ಒಪ್ಪಂದವೇ ಆಯಿತು. ಅಲ್ಲಿ ಕ್ಲೋರಿನ್ ಇದ್ದ ನೀರು ಮತ್ತು ಪ್ಲಾಸ್ಟಿಕ್ ಫಿಟ್ಟಿಂಗ್‌ಗಳ ಪಾತ್ರ ಜಾಸ್ತಿ ಇತ್ತು. ಯೂರೋಪಿನಲ್ಲಿ ನೆಲದ ಬಿಸಿಗೆ ಅದನ್ನು ಈಗಲೂ ಬಳಸುತ್ತಾರೆ, ತುಂಬಾ ಮೆತ್ತಗೆ ಬಾಗುತ್ತದೆ. ಶಾಖ ದಾಟಿಸುವುದು ಮಾತ್ರ ಪೆಕ್ಸ್‌ಗಿಂತ ಕಡಿಮೆ.

ಹೊಸಮನೆ:
ಎಲ್ಲ ಓದಿ, ಕಾಗದದಲ್ಲಿ ಬರೆದುಕೊಂಡು ಹೀಗೆ ತೀರ್ಮಾನ ಮಾಡಿದ್ದೇನೆ. ತಪ್ಪಿದ್ದರೆ ತಿದ್ದಿ. ಕೆಳಗೆ ಐದು ಪದರದ ಪಿಇ-ಆರ್‌ಟಿ ಎರಡನೇ ಟೈಪ್, 16 ಮಿ.ಮೀ., 8 ಲೂಪ್. ಮೇಲಿನ ಎರಡು ಕೋಣೆಗೆ ಅಲ್ಯೂಮಿನಿಯಂ ಪೈಪ್. ಎರಡೂ ಒಂದೇ ಕಂಪನಿಯವು, ಫಿಟ್ಟಿಂಗ್ ಕೂಡ ಅವರದೇ. ಸುರುಳಿ 200 ಮೀಟರಿನವು ಸಿಗುತ್ತವೆ. ಒಂದರಲ್ಲಿ ಎರಡು ಲೂಪ್ ಆಗಿ ಉಳಿಯುವ ಸುಮಾರು 30 ಮೀಟರ್ ತುಂಡುಗಳನ್ನು ಜೋಡಿಸಿ ಇನ್ನೊಂದು ಲೂಪ್ ಮಾಡೋಣ ಅಂತ ಕೆಲಸದವರು ಹೇಳುತ್ತಿದ್ದಾರೆ.

ಪೈಪ್ ಕೆಲಸ:
ಎಲ್ಲ ಸರಿ, ಕೊನೆಯ ಮಾತು ಬಿಟ್ಟು. ಜೋಡಿಸಿದ ಲೂಪ್ ಬೇಡ. ಉಳಿದ ತುಂಡುಗಳನ್ನು ಬಚ್ಚಲುಮನೆಯಂಥ ಸಣ್ಣ ಜಾಗಕ್ಕೆ ಒಂದೊಂದು ಲೂಪ್ ಮಾಡಿಸಿ. ಅಲ್ಲಿ 100 ಮಿ.ಮೀ. ಅಂತರದಲ್ಲಿ 3 ಚದರ ಮೀಟರಿಗೆ 30 ಮೀಟರೇ ಬೇಕು.

ಸ್ಕ್ರೀಡ್ ಹಾಕುವ ಮುಂಚೆ ನೀರು ತುಂಬಿ ಒತ್ತಡ ಪರೀಕ್ಷೆ ಮಾಡಿಸಿ. 4 ಬಾರ್‌ಗಿಂತ ಕಡಿಮೆ ಬೇಡ, 6 ದಾಟಬೇಡ. ಶುರುವಿನಲ್ಲಿ ಪೈಪ್ ಸ್ವಲ್ಪ ಹಿಗ್ಗಿ ಗೇಜ್ ಇಳಿಯುತ್ತದೆ, ಹೆದರಬೇಡಿ, ಮತ್ತೆ ಏರಿಸಿ ನೋಡಿ. ಸ್ಕ್ರೀಡ್ ಹಾಕುವಾಗಲೂ ಒತ್ತಡ ಹಾಗೇ ಇರಲಿ. ಯಾರಾದರೂ ಸಲಿಕೆ ತಾಗಿಸಿದರೆ ಆಗಲೇ ಗೊತ್ತಾಗುತ್ತದೆ. ನೀರು ಹೆಪ್ಪುಗಟ್ಟುವ ಚಳಿ ಇದ್ದರೆ ಅದಕ್ಕೂ ವ್ಯವಸ್ಥೆ ಮಾಡಿಕೊಳ್ಳಿ. ಪ್ರತಿ ಕೋಣೆಯ ಫೋಟೋ ತೆಗೆಯಿರಿ, ಪಕ್ಕದಲ್ಲಿ ಅಳತೆ ಟೇಪ್ ಇಟ್ಟು. ಮುಂದೆ ಎಲ್ಲಿಯಾದರೂ ಡ್ರಿಲ್ ಮಾಡುವಾಗ ಆ ಫೋಟೋ ಬೇಕಾಗುತ್ತದೆ.

ಲೆಕ್ಕದ ಪಟ್ಟಿ:
ಸಿಮೆಂಟಿನ ಸ್ಕ್ರೀಡ್ ಆದರೆ 21 ದಿನ ಕಾಯದೆ ಬಿಸಿ ಶುರು ಮಾಡಬೇಡಿ. ಮೊದಲ ಮೂರು ದಿನ 20ರಿಂದ 25 ಡಿಗ್ರಿ ನೀರು ಮಾತ್ರ. ಆಮೇಲೆ ನಿಮ್ಮ ಗರಿಷ್ಠಕ್ಕೆ ಏರಿಸಿ ನಾಲ್ಕು ದಿನ ಬಿಡಿ.

ಹೊಸಮನೆ:
ಮೂರು ವಾರದ ನಂತರ ಬರೆಯುತ್ತಿದ್ದೇನೆ. ಪೈಪ್ ಹಾಸಿ ಆಯಿತು. ಒಂದು ಲೂಪ್ ಹಾಸುವಾಗ ಬಾಗಿಲ ಹತ್ತಿರ ಪೈಪ್ ಮಡಚಿಕೊಂಡಿತು. ಕೆಲಸದವರು ಕತ್ತರಿಸಿ ಜೋಡಿಸುತ್ತೇವೆ ಅಂದರು. ನಾನು ಒಪ್ಪಲಿಲ್ಲ. ಆ ಲೂಪ್ ಪೂರ್ತಿ ತೆಗೆಸಿ ಹೊಸ ಸುರುಳಿಯಿಂದ ಹಾಕಿಸಿದೆ. ತೆಗೆದ ಪೈಪಿನ ಒಳ್ಳೆಯ ಭಾಗ ಬಚ್ಚಲುಮನೆಗೆ ಸರಿಹೋಯಿತು. ಅರ್ಧ ದಿನ ಹೋಯಿತು, ಪರವಾಗಿಲ್ಲ.

ನಿನ್ನೆ ಸಂಜೆ ಗೇಜ್ 5 ಬಾರ್‌ಗೆ ಏರಿಸಿದ್ದೆವು. ಮೊದಲ ಗಂಟೆ ಇಳಿಯಿತು, ಎರಡು ಸಲ ಏರಿಸಿದೆವು. ರಾತ್ರಿ ಹತ್ತಕ್ಕೆ ಗುರುತು ಹಾಕಿ ಮಲಗಿದೆ. ಬೆಳಿಗ್ಗೆ ಆರಕ್ಕೆ ಹೋಗಿ ನೋಡಿದರೆ ಮುಳ್ಳು ಗುರುತಿನ ಮೇಲೇ ಇತ್ತು. ಭಾವನೂ ಬಂದು ನೋಡಿದರು. ಅವರ ಸುರುಳಿ ನಲ್ಲಿಯ ಸಾಲಿಗೆ ಬಳಸಿಕೊಂಡೆವು, ಅದಕ್ಕೆ ಅವರಿಗೂ ಖುಷಿ. ನಾಳೆ ಬೆಳಿಗ್ಗೆ ಸ್ಕ್ರೀಡ್. ಗೇಜ್ ಬಿಚ್ಚಬೇಡಿ ಅಂತ ಗೋಡೆಯ ಮೇಲೆ ದೊಡ್ಡದಾಗಿ ಬರೆದಿಟ್ಟಿದ್ದೇನೆ.